ಮೆಕ್ಸಿಕೊದ ಕಣ್ಣಿನಲ್ಲಿ ಗಡಿಗೋಡೆ

ಮೆಕ್ಸಿಕೊದ ಕಲಾವಿದರು ಅಮೆರಿಕದ ಗಡಿಗೋಡೆಯನ್ನು ಭದ್ರತೆಯ ವಿಷಯವಾಗಿ ಏಕೆ ಕಾಣುವುದಿಲ್ಲ ಎಂಬ ನಿಮ್ಮ ತೊಡಕಿಗೆ ಕಾರಣ, ಬಹುಶಃ, ನಿಮ್ಮ ಪ್ರಬಂಧವು ಟ್ರಂಪ್ ಗೆದ್ದ 2016ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಯಿಂದ ಆರಂಭವಾಗಿರುವುದು. ಮೊದಲು 1848ಕ್ಕೆ ಹೋಗಿ: ಅಮೆರಿಕದೊಂದಿಗಿನ ಯುದ್ಧದಲ್ಲಿ ಸೋತ ಮೆಕ್ಸಿಕೊ ಅಂದಿನ ಒಪ್ಪಂದದಲ್ಲಿ ಕ್ಯಾಲಿಫೋರ್ನಿಯಾ ಸೇರಿದಂತೆ ಅಪಾರ ಭೂಭಾಗವನ್ನು ಬಿಟ್ಟುಕೊಟ್ಟಿದ್ದರಿಂದ, ಮೆಕ್ಸಿಕೊದವರ ನೆನಪಿನಲ್ಲಿ ಈ ಗೋಡೆ ನಿಂತಿರುವುದು ಕಳೆದುಕೊಂಡ ನೆಲದ ಅಂಚಿನಲ್ಲಿ. ಅನಂತರ 1994ರಲ್ಲಿ ಅಮೆರಿಕ ಗಡಿ ಕಾವಲು ಬಿಗಿಗೊಳಿಸಲು ಆರಂಭಿಸಿದ ಆಪರೇಷನ್ ಗೇಟ್‌ಕೀಪರ್ ಕಾರ್ಯಾಚರಣೆ ಕುರಿತು ಓದಿ. ಮೆಕ್ಸಿಕೊದ ಗಡಿ ನಗರ ಟಿಹುವಾನಾ ಬಳಿ ಕಾವಲು ಬಿಗಿಯಾದಾಗ ವಲಸಿಗರು ಬೆಟ್ಟ, ಮರುಭೂಮಿಗಳ ದಾರಿ ಹಿಡಿದು ಪ್ರಾಣ ಕಳೆದುಕೊಂಡರು. ಅವರ ಹೆಸರು ಬರೆದ ಶಿಲುಬೆಗಳನ್ನು ಗೋಡೆಯ ಮೆಕ್ಸಿಕೊ ಬದಿಗೆ ತೂಗುಹಾಕಲಾಯಿತು. ನನ್ನ ದೃಷ್ಟಿಯಲ್ಲಿ ಪ್ರಬಂಧದ ತಿರುಳು ಈ ಶಿಲುಬೆಗಳೇ ಆಗಬೇಕು. 2019ರಲ್ಲಿ ಮೆಕ್ಸಿಕೊದ ಇನ್ನೊಂದು ಗಡಿ ನಗರ ಸಿಯುದಾದ್ ಹುವಾರೆಸ್ ಅಂಚಿನಲ್ಲಿ ಗೋಡೆಯ ಕಂಬಿಗಳ ನಡುವೆ ತೂರಿಸಿದ ಗುಲಾಬಿ ಬಣ್ಣದ ಏತಪಾತಗಳನ್ನು ಉದಾಹರಿಸುವುದಾದರೆ, ಅವನ್ನು ರೂಪಿಸಿದವರು ಅಮೆರಿಕದ ವಾಸ್ತುಶಿಲ್ಪಿಗಳು ಎಂಬುದನ್ನು ಸ್ಪಷ್ಟವಾಗಿ ತಿಳಿಸಿ.