ಕುರ್ಚಿಗೆ ಮೊದಲು ನಗದು ಪುಸ್ತಕ

ಚಿಕ್ಕಮಗಳೂರಿನ ಅನುದಾನಿತ ಕಾಲೇಜೊಂದರ ಇತಿಹಾಸ ಅಧ್ಯಾಪಕರು ಕೇಳಿದ್ದಾರೆ: ‘ಪ್ರಾಂಶುಪಾಲರ ಹುದ್ದೆ ವಿಜ್ಞಾನ, ವಾಣಿಜ್ಯದವರಿಗೇ ಮೀಸಲು ಎಂಬಂತಾಗಿದೆ. ಕಲಾ ವಿಭಾಗದ ನಾವು ತಯಾರಾಗುವುದು ಹೇಗೆ? ಒಂದು ವಾರದ ತರಬೇತಿ ಸಾಕೇ?’

ಸಂಪಾದಕರ ಉತ್ತರ: ಸಾಲದು. ಮೈಸೂರು ವಿಶ್ವವಿದ್ಯಾಲಯದ ಮಾಳವೀಯ ಮಿಷನ್ ಅಧ್ಯಾಪಕರ ತರಬೇತಿ ಕೇಂದ್ರಕ್ಕೆ ಹೋಗಿ ಬನ್ನಿ, ಬೇಡವೆನ್ನುವುದಿಲ್ಲ. ಆದರೆ ಕಲಿಯಬೇಕಾದ ಕೆಲಸ ನಿಮ್ಮ ಕಾಲೇಜಿನ ಕಚೇರಿಯಲ್ಲೇ ಇದೆ.

ಮೊದಲು ಅರ್ಹತೆ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮಾವಳಿಯಂತೆ ಪಿಎಚ್‌.ಡಿ., ಕನಿಷ್ಠ ಸಹ ಪ್ರಾಧ್ಯಾಪಕ ಹುದ್ದೆ, 15 ವರ್ಷದ ಅನುಭವ, 10 ಸಂಶೋಧನಾ ಲೇಖನ, 110 ಸಂಶೋಧನಾ ಅಂಕ ಬೇಕು. ಲೇಖನವೊಂದಕ್ಕೆ ವಿಜ್ಞಾನದವರಿಗೆ 8 ಅಂಕವಾದರೆ ನಿಮಗೆ 10. ಒಬ್ಬರೇ ಬರೆದ ಹತ್ತು ಲೇಖನಕ್ಕೆ 100, ರಾಷ್ಟ್ರೀಯ ಪ್ರಕಾಶಕರಿಂದ ಬಂದ ಒಂದು ಪುಸ್ತಕಕ್ಕೆ 10, ಅಲ್ಲಿಗೆ ಸರಿಹೋಯಿತು. ಎಡವುವುದು ಬೇರೆ ಕಡೆ: ಅಭಿನಂದನ ಗ್ರಂಥ, ವಿಶೇಷಾಂಕಗಳ ಲೇಖನ ಈ ಹತ್ತರ ಲೆಕ್ಕಕ್ಕೆ ಬರುವುದಿಲ್ಲ. ನಮ್ಮ ಪತ್ರಿಕೆಯಲ್ಲಿ ಬಂದವೂ ಅಷ್ಟೇ, ಏನು ಮಾಡೋಣ.

ಅದೇ ನಿಯಮಾವಳಿಯಲ್ಲಿ ಎರಡು ವರ್ಷದ ಉಪ ಪ್ರಾಂಶುಪಾಲರ ಹೊಣೆಗೆ ಅವಕಾಶವಿದೆ. ಬಾಯಿಬಿಟ್ಟು ಕೇಳಿ.

ಕಾರ್ಯಭಾರ ಪಟ್ಟಿಯನ್ನು ಒಮ್ಮೆ ನೀವೇ ಹಾಕಿ. ಕನ್ನಡ ಭಾಷಾ ಪಾಠ 19 ಸೆಕ್ಷನ್‌ಗೆ ವಾರಕ್ಕೆ 4 ಗಂಟೆಯಂತೆ 76 ಗಂಟೆ ಎನ್ನಿ. ಸಹಾಯಕ ಪ್ರಾಧ್ಯಾಪಕರಿಗೆ 16, ಸಹ ಪ್ರಾಧ್ಯಾಪಕರಿಗೆ 14. ಒಬ್ಬೊಬ್ಬರಿದ್ದರೆ 30 ಕಳೆದು 46 ಗಂಟೆ ಅತಿಥಿ ಉಪನ್ಯಾಸಕರಿಗೆ. ಇಬ್ಬರಿಗೂ 16 ಬರೆದರೆ 2 ಗಂಟೆ ಯಾರ ಪಾಲಿಗೂ ಬೀಳದೆ ಉಳಿಯುತ್ತದೆ. ತಿಳಿಯುವುದು ವೇಳಾಪಟ್ಟಿ ಗೋಡೆಗೆ ಅಂಟಿಸಿ, ಸ್ಟಾಫ್‌ರೂಮಿನಲ್ಲಿ ಜಗಳವೆದ್ದ ಮೇಲೆ. ಮಳೆಗಾಲದಲ್ಲಿ ಮೂಡಿಗೆರೆ ಕಡೆಯ ಬಸ್ಸು ತಡವಾಗುವುದನ್ನೂ ಮೊದಲ ಅವಧಿ ಹಂಚುವಾಗ ನೆನೆಯಿರಿ.

ಇನ್ನು ಕಡತ. ಕಲಾ ವಿಭಾಗದ ನಮ್ಮವರು ಚೆನ್ನಾಗಿ ಬರೆಯುತ್ತಾರೆ, ಅದೇ ತೊಂದರೆ. ಗ್ರಂಥಾಲಯದ ಎರಡು ಬೀರು ಕೊಳ್ಳಲು ಎರಡು ಪುಟದ ಪೀಠಿಕೆ ಹಾಕುತ್ತಾರೆ. ಟಿಪ್ಪಣಿ ಹಾಳೆಗೆ ನಾಲ್ಕು ಪ್ಯಾರಾ ಸಾಕು, ಒಂದೊಂದಕ್ಕೂ ಸಂಖ್ಯೆ: ಏನು ಬೇಕು, ಖರ್ಚು ಯಾವ ಲೆಕ್ಕಶೀರ್ಷಿಕೆಗೆ, ಅದರಲ್ಲಿ ಉಳಿದಿರುವುದೆಷ್ಟು, ಯಾರ ದರ ಕಡಿಮೆ. ಕೆಳಗೆ ‘ಆದೇಶಕ್ಕಾಗಿ ಮಂಡಿಸಿದೆ’. ಮೂರನೆಯದನ್ನು ಬಿಡುವವರೇ ಹೆಚ್ಚು, ಆಡಿಟ್ ಆಕ್ಷೇಪಣೆ ಏಳುವುದೂ ಅಲ್ಲಿಂದಲೇ.

ನಗದು ಪುಸ್ತಕವನ್ನು ತಿಂಗಳ ಕೊನೆಗೆ ಬ್ಯಾಂಕ್ ಪಾಸ್‌ಬುಕ್ಕಿನ ಪಕ್ಕದಲ್ಲಿಟ್ಟು ನೋಡಿ. ಎರಡರ ಶಿಲ್ಕು ಒಂದೇ ಇರಬೇಕೆಂದಿಲ್ಲ. ನೀವು ಕೊಟ್ಟ ಚೆಕ್ಕು ಇನ್ನೂ ಬ್ಯಾಂಕಿಗೆ ಹೋಗದಿದ್ದರೆ ಪಾಸ್‌ಬುಕ್ಕಿನಲ್ಲಿ ಹೆಚ್ಚು ಕಾಣುತ್ತದೆ. ಆದರೆ ವ್ಯತ್ಯಾಸದ ಪ್ರತಿ ರೂಪಾಯಿಗೂ ಒಂದು ಚೆಕ್ ಸಂಖ್ಯೆಯೋ ಚಲನ್ನೋ ಸಿಗಬೇಕು. ಸಿಗದಿದ್ದರೆ ಆ ಪುಟಕ್ಕೆ ಸಹಿ ಹಾಕಬೇಡಿ, ಗುಮಾಸ್ತರು ಎಷ್ಟೇ ಹಳಬರಾಗಿರಲಿ.