ಮುದಿ ದೈತ್ಯ ನಕ್ಷತ್ರಗಳ ಸುತ್ತಲಿನ ಧೂಳು, ಅನಿಲದ ಚಿಪ್ಪನ್ನು ಹೇಗೆ ಅಧ್ಯಯನ ಮಾಡುತ್ತಾರೆ?

ಕಣ್ಣಿಗೆ ಕಾಣುವ ಬೆಳಕನ್ನಷ್ಟೇ ನಂಬಿದರೆ ಹೆಚ್ಚೇನೂ ಸಿಗುವುದಿಲ್ಲ. ಅದನ್ನು ಧೂಳೇ ನುಂಗಿಬಿಡುತ್ತದೆ. ಆದರೆ ನುಂಗಿದ ಧೂಳು ಬಿಸಿಯಾಗಿ ಅವಗೆಂಪು ಕಿರಣ ಸೂಸುತ್ತದೆ. ಸಿಂಹ ರಾಶಿಯ ಸಿಡಬ್ಲ್ಯೂ ಲಿಯೋನಿಸ್ ಎಂಬ ನಕ್ಷತ್ರ ಸಿಕ್ಕಿದ್ದು ಹೀಗೆಯೇ, 1960ರ ದಶಕದ ಅವಗೆಂಪು ಸಮೀಕ್ಷೆಯಲ್ಲಿ. ಮಾಮೂಲಿ ದೂರದರ್ಶಕದಲ್ಲಿ ಅದು ತೀರಾ ಮಂಕು. 5 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗವೇ ಒಂದು ಮೈಕ್ರಾನ್) ತರಂಗಾಂತರದಲ್ಲಿ ನೋಡಿದರೆ ಸೌರಮಂಡಲದ ಹೊರಗೆ ಅತಿ ಹೆಚ್ಚು ಹೊಳೆಯುವವುಗಳಲ್ಲಿ ಒಂದು! ಧೂಳು ಯಾವುದರದ್ದು ಎಂಬುದೂ ಇಲ್ಲೇ ಗೊತ್ತಾಗುತ್ತದೆ. 10 ಮೈಕ್ರಾನ್ ಆಸುಪಾಸಿನಲ್ಲಿ ಗುರುತು ಕಂಡರೆ ಸಿಲಿಕೇಟ್, 11.3ರ ಬಳಿ ಕಂಡರೆ ಸಿಲಿಕಾನ್ ಕಾರ್ಬೈಡ್.

ಅನಿಲಕ್ಕೆ ರೇಡಿಯೋ ದೂರದರ್ಶಕ ಬೇಕು. ಅಲ್ಲಿ ಜಾಸ್ತಿ ಇರುವುದು ಹೈಡ್ರೋಜನ್ ಅಣುವೇ, ಆದರೆ ತಣ್ಣಗಿದ್ದಾಗ ಅದು ಅಲೆಗಳನ್ನು ಸೂಸುವುದು ತೀರಾ ಕಡಿಮೆ. ಹಾಗಾಗಿ ತಣ್ಣಗಿದ್ದರೂ ರೇಡಿಯೋ ಅಲೆ ಸೂಸುವ ಕಾರ್ಬನ್ ಮಾನಾಕ್ಸೈಡ್ ಹುಡುಕುತ್ತಾರೆ. ನಮ್ಮತ್ತ ಬರುವ ಅನಿಲದ ಅಲೆಗಳ ಆವರ್ತನ ತುಸು ಹೆಚ್ಚು, ದೂರ ಸರಿಯುವುದರದ್ದು ತುಸು ಕಡಿಮೆ. ಈ ವ್ಯತ್ಯಾಸದಿಂದ ಚಿಪ್ಪು ಹಿಗ್ಗುವ ವೇಗ ಸಿಗುತ್ತದೆ. ಸಾಮಾನ್ಯವಾಗಿ ಸೆಕೆಂಡಿಗೆ 5ರಿಂದ 20 ಕಿ.ಮೀ. ಚಿಪ್ಪಿನ ತ್ರಿಜ್ಯವನ್ನು ವೇಗದಿಂದ ಭಾಗಿಸಿದರೆ ಅದರ ವಯಸ್ಸು ಬಂತು, ಅಲ್ವಾ?

ನನಗೆ ತುಂಬಾ ಇಷ್ಟವಾದ ಉದಾಹರಣೆ ಆರ್ ಸ್ಕಲ್ಪ್ಟೋರಿಸ್ ಎಂಬ ಮುದಿ ನಕ್ಷತ್ರ. ಚಿಲಿಯ ಆಲ್ಮಾ ರೇಡಿಯೋ ದೂರದರ್ಶಕ ಜಾಲ ಅದನ್ನು ನೋಡಿದಾಗ ಚಿಪ್ಪಿನೊಳಗೆ ಸುರುಳಿ ಕಂಡಿತು. ಯಾರೂ ಇದನ್ನು ನಿರೀಕ್ಷಿಸಿರಲಿಲ್ಲ. ಕಣ್ಣಿಗೆ ಬೀಳದ ಜೊತೆಗಾರ ನಕ್ಷತ್ರವೊಂದು ಸುತ್ತುತ್ತಾ ಅನಿಲಕ್ಕೆ ಆ ಆಕಾರ ಕೊಟ್ಟಿದೆ ಎಂಬುದು 2012ರಲ್ಲಿ ಪ್ರಕಟವಾದ ವಿವರಣೆ. ಸುರುಳಿಯ ಸುತ್ತುಗಳ ನಡುವಿನ ಅಂತರ ಅಳೆದು ಇನ್ನೊಂದು ವಿಷಯವನ್ನೂ ಲೆಕ್ಕ ಹಾಕಿದರು: ಸುಮಾರು 1,800 ವರ್ಷಗಳ ಹಿಂದೆ ಆರ್ ಸ್ಕಲ್ಪ್ಟೋರಿಸ್ ಒಳಗೆ ಹೀಲಿಯಂ ಭುಗಿಲೆದ್ದು, ಸುಮಾರು 200 ವರ್ಷ ಅದು ಅನಿಲ, ಧೂಳನ್ನು ಜೋರಾಗಿ ಹೊರಚೆಲ್ಲಿತ್ತು.