ಹಾವು ತೋರಿಸುವ ಭರವಸೆ ಕೊಡುವವರ ಜೊತೆ ಮಳೆಕಾಡಿಗೆ ಹೋಗಬೇಡಿ

ಪ್ರಶ್ನೆ: ನಾವು ಯಾದಗಿರಿ ಜಿಲ್ಲೆಯ ಶಹಾಪುರದವರು. ತೊಗರಿ ರಾಶಿ ಮುಗಿದ ಮೇಲೆ, ಜನವರಿಯಲ್ಲಿ, ಅರವತ್ತು ದಾಟಿದ ಅವ್ವ ಮತ್ತು ಎಂಟನೇ ತರಗತಿಯ ಮಗನೂ ಸೇರಿ ಆರು ಜನ ಆಗುಂಬೆಯ ಮಳೆಕಾಡು ನೋಡಬೇಕೆಂದಿದ್ದೇವೆ. ಪ್ರವಾಸದ ಏಜೆಂಟರೊಬ್ಬರು ಮಾರ್ಗದರ್ಶಕರ ಸಹಿತ ಒಂದು ದಿನದ ‘ಪರಿಸರಸ್ನೇಹಿ’ ಪ್ರವಾಸ ಎನ್ನುತ್ತಿದ್ದಾರೆ. ಕಾಳಿಂಗ ಸರ್ಪ ತೋರಿಸುವ ಭರವಸೆಯನ್ನೂ ಕೊಟ್ಟಿದ್ದಾರೆ. ನಂಬಬಹುದೇ? ಯಾವ ಸಿದ್ಧತೆ ಬೇಕು?

ಉತ್ತರ: ಆ ಭರವಸೆಯೊಂದೇ ಸಾಕು, ಈ ಪ್ರವಾಸವನ್ನು ಕೈಬಿಡಲು. ಕಾಡಿನಲ್ಲಿ ಓಡಾಡುವ ಕಾಳಿಂಗವನ್ನು ಇಂಥ ದಿನ, ಇಂಥ ಹೊತ್ತಿಗೆ ತೋರಿಸಲು ಯಾರಿಂದಲೂ ಆಗದು. ತೋರಿಸುತ್ತೇನೆ ಎನ್ನುವವರು ಒಂದೋ ಸುಳ್ಳು ಹೇಳುತ್ತಿದ್ದಾರೆ, ಇಲ್ಲವೇ ಎಲ್ಲೋ ಹಿಡಿದಿಟ್ಟ ಹಾವನ್ನು ನಿಮ್ಮೆದುರು ತರುತ್ತಾರೆ. ಎರಡನೆಯದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಆಗುಂಬೆಯಲ್ಲಿ ಕಾಳಿಂಗಗಳಿರುವುದು ನಿಜ, ಅವುಗಳ ಅಧ್ಯಯನಕ್ಕೆ ಹೆಸರಾದ ಮಳೆಕಾಡು ಸಂಶೋಧನಾ ಕೇಂದ್ರವನ್ನು ಉರಗತಜ್ಞ ರೋಮುಲಸ್ ವಿಟೇಕರ್ ಅವರು 2005ರಲ್ಲಿ ಅಲ್ಲಿ ಸ್ಥಾಪಿಸಿರುವುದೂ ನಿಜ. ಆದರೆ ಒಳ್ಳೆಯ ಮಾರ್ಗದರ್ಶಕರು ‘ಕಂಡರೆ ದೂರದಿಂದ ನೋಡೋಣ’ ಎನ್ನುತ್ತಾರೆಯೇ ಹೊರತು ಅದಕ್ಕಿಂತ ಹೆಚ್ಚಿನ ಮಾತು ಕೊಡುವುದಿಲ್ಲ.

ಹಾಗಾದರೆ ನೋಡಲು ಏನಿದೆ ಎಂದು ಕೇಳಬಹುದು. ನಮ್ಮ ಭಾಗದಲ್ಲಿ ವರ್ಷಕ್ಕೆ 700ರಿಂದ 900 ಮಿಲಿಮೀಟರ್ ಮಳೆಯಾದರೆ ಆಗುಂಬೆಯ ಸರಾಸರಿ 7,000 ಮಿಲಿಮೀಟರ್ ದಾಟುತ್ತದೆ, ಮತ್ತು ಆ ಕಾಡಿನಲ್ಲಿ ಕಾಣುವುದೆಲ್ಲವೂ ಈ ವ್ಯತ್ಯಾಸದಿಂದಲೇ ಹುಟ್ಟಿದ್ದು. ಬೇಸಿಗೆಯಲ್ಲಿ ನೀರು ಉಳಿಸಲು ಎಲೆ ಉದುರಿಸುವ ಅಗತ್ಯ ಅಲ್ಲಿನ ಹೆಚ್ಚಿನ ಮರಗಳಿಗಿಲ್ಲ. ವರ್ಷವಿಡೀ ಹಸಿರು ಹಂದರ ಮುಚ್ಚಿಕೊಂಡೇ ಇರುವುದರಿಂದ ಬಿಸಿಲಿನ ಒಂದೆರಡು ಪಾಲಷ್ಟೇ, ಅಂದರೆ ನೂರಕ್ಕೆ ಒಂದೆರಡು, ನೆಲ ಮುಟ್ಟುತ್ತದೆ. ಕಾಡು ಇಷ್ಟು ದಟ್ಟವಾಗಿದ್ದರೂ ಮಣ್ಣಿನ ಸಾರವೆಲ್ಲ ಕೊಳೆಯುವ ತರಗೆಲೆಯ ತೆಳುವಾದ ಮೇಲ್ಪದರದಲ್ಲಿದೆ, ನಮ್ಮ ಎರೆಮಣ್ಣಿನಂತೆ ಆಳಕ್ಕೆ ಇಳಿದಿಲ್ಲ. ಆದ್ದರಿಂದ ದಾರಿ ಬಿಟ್ಟು ಇಪ್ಪತ್ತು ಜನ ತುಳಿದರೆ ಆ ಪದರವೇ ಕದಡುತ್ತದೆ. ಪರಿಸರಸ್ನೇಹಿ ಎಂಬ ಮಾತಿಗೆ ಅಲ್ಲಿ ಅರ್ಥ ಬರುವುದು ಬಟ್ಟೆಯ ಚೀಲದಿಂದಲ್ಲ, ಸಣ್ಣ ಗುಂಪು ಮತ್ತು ಗುರುತಿಸಿದ ದಾರಿಯಿಂದ. ಬಲ್ಲವರ ಜೊತೆ ನಿಧಾನವಾಗಿ ಅರ್ಧ ಕಿಲೋಮೀಟರ್ ನಡೆದರೂ ಉಪ್ಪಾಗೆ, ನಾಗಸಂಪಿಗೆ ಮರಗಳನ್ನು, ಬೆತ್ತದ ಪೊದೆಗಳನ್ನು ಗುರುತಿಸಬಹುದು. ಅದೃಷ್ಟವಿದ್ದರೆ ಮರದಿಂದ ಮರಕ್ಕೆ ತೇಲುವ ಹಾರುವ ಓತಿ, ಸಿಂಗಳೀಕ, ಮಂಗಟ್ಟೆ ಹಕ್ಕಿಗಳೂ ಕಂಡಾವು. ನಿಮ್ಮ ಮಗನಿಗೆ ಹಾವಿಗಿಂತ ಆ ಓತಿಯೇ ಹೆಚ್ಚು ನೆನಪಿನಲ್ಲಿ ಉಳಿಯುತ್ತದೆ ಎಂಬುದು ನನ್ನ ಅನಿಸಿಕೆ.

ಬೇರೆ ಏಜೆಂಟರನ್ನು ಹುಡುಕುವಾಗ ದರಕ್ಕಿಂತ ಮೊದಲು ಅರಣ್ಯ ಇಲಾಖೆಯ ಅನುಮತಿಯ ಬಗ್ಗೆ ವಿಚಾರಿಸಿ. ಆಗುಂಬೆ ಮೀಸಲು ಅರಣ್ಯವು 2012ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮಘಟ್ಟದ 39 ತಾಣಗಳಲ್ಲಿ ಒಂದು; ಕಂಡಕಂಡಲ್ಲಿ ಒಳಹೋಗುವ ಕಾಡು ಅದಲ್ಲ. ಅನುಮತಿ ಯಾರ ಹೆಸರಿನಲ್ಲಿದೆ, ಮಾರ್ಗದರ್ಶಕರು ಆ ಊರಿನವರೇ, ಗುಂಪಿನಲ್ಲಿ ಎಷ್ಟು ಜನ, ಮಳೆ ಜೋರಾದರೆ ನಡಿಗೆ ನಿಲ್ಲಿಸುತ್ತಾರೆಯೇ ಎಂಬುದಕ್ಕೆ ನೇರ ಉತ್ತರ ಸಿಗಬೇಕು. ‘ಅದೆಲ್ಲ ನಾವು ನೋಡಿಕೊಳ್ಳುತ್ತೇವೆ’ ಎಂಬುದು ಉತ್ತರವಲ್ಲ.

ಇನ್ನು ಕಾಲದ ವಿಚಾರ. ಜನವರಿ ನಿಮಗೆ ಬಿಡುವಿನ ತಿಂಗಳಾದರೂ ಮಲೆನಾಡಿನಲ್ಲಿ ಅದು ಮಂಗನ ಕಾಯಿಲೆಯ ಕಾಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ರೋಗ ಉಣ್ಣೆಗಳ ಕಡಿತದಿಂದ ಹರಡುತ್ತದೆ. ಒಣ ಹವೆಯ ತಿಂಗಳುಗಳಲ್ಲಿ, ಸಾಮಾನ್ಯವಾಗಿ ಡಿಸೆಂಬರಿನಿಂದ ಮೇ ತನಕ, ಅದರ ಹಾವಳಿ ಹೆಚ್ಚು. ಹೋಗಲೇಬೇಕೆಂದಿದ್ದರೆ ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮೊದಲು ವಿಚಾರಿಸಿ, ಮೈತುಂಬ ಬಟ್ಟೆ ಧರಿಸಿ, ತರಗೆಲೆಯ ಮೇಲೆ ಕೂರದೆ, ಬಂದ ಕೂಡಲೇ ಬಿಸಿನೀರು ಮತ್ತು ಸಾಬೂನಿನಿಂದ ಸ್ನಾನ ಮಾಡಿ. ಊರಿಗೆ ಮರಳಿದ ಒಂದೆರಡು ವಾರಗಳಲ್ಲಿ ಜ್ವರ ಬಂದರೆ ಮಲೆನಾಡಿನ ಕಾಡಿಗೆ ಹೋಗಿದ್ದೆವೆಂದು ವೈದ್ಯರಿಗೆ ನೀವಾಗಿಯೇ ಹೇಳಬೇಕು, ಏಕೆಂದರೆ ನಮ್ಮ ಜಿಲ್ಲೆಗಳಲ್ಲಿ ಜ್ವರ ಎಂದೊಡನೆ ಈ ರೋಗ ಯಾರ ಮನಸ್ಸಿಗೂ ಬರುವುದಿಲ್ಲ.

ನನ್ನ ಸಲಹೆ ದಸರಾ ರಜೆ. ಮುಂಗಾರಿನ ಅಬ್ಬರ ಇಳಿದಿರುತ್ತದೆ, ಹಳ್ಳಗಳಲ್ಲಿ ನೀರಿರುತ್ತದೆ, ಮಗನ ಶಾಲೆಯೂ ತಪ್ಪುವುದಿಲ್ಲ. ಆಗ ಇಂಬಳಗಳು, ಅಂದರೆ ರಕ್ತ ಹೀರುವ ನೆಲದ ಜಿಗಣೆಗಳು, ಇರುತ್ತವೆ, ಆದರೆ ಅವು ರೋಗ ತರುವ ಉಣ್ಣೆಗಳಲ್ಲ. ಉಗುರಿನಿಂದ ಮೆಲ್ಲಗೆ ಸರಿಸಿದರೆ ಬಿಡುತ್ತವೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ದ್ರವವನ್ನು ಬಿಡುವುದರಿಂದ ಗಾಯ ಸ್ವಲ್ಪ ಹೊತ್ತು ಸೋರುತ್ತದೆ, ಅವ್ವನವರಿಗೆ ಇದನ್ನು ಮೊದಲೇ ತಿಳಿಸಿಬಿಡಿ. ಅವರು ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ವೈದ್ಯರನ್ನು ಕೇಳದೆ ಕಾಡಿಗಿಳಿಸಬೇಡಿ.

ಒಂದು ದಿನದ ಪ್ರವಾಸ ಎಂಬುದು ಕಾಡಿನೊಳಗಿನ ಲೆಕ್ಕ ಮಾತ್ರ. ಶಹಾಪುರದಿಂದ ಶಿವಮೊಗ್ಗ ತಲುಪುವುದಕ್ಕೇ ಒಂದು ರಾತ್ರಿ ಹಿಡಿಯುತ್ತದೆ, ಅಲ್ಲಿಂದ ತೀರ್ಥಹಳ್ಳಿಯ ಮೇಲೆ ಘಟ್ಟದ ತುದಿಗೆ ಇನ್ನಷ್ಟು ಹೊತ್ತು. ಆದ್ದರಿಂದ ಹಿಂದಿನ ರಾತ್ರಿ ತೀರ್ಥಹಳ್ಳಿಯಲ್ಲಿ ಉಳಿದು ಬೆಳಿಗ್ಗೆ ಬೇಗ ನಡಿಗೆ ಆರಂಭಿಸಿ. ಅವ್ವನವರು ನಡಿಗೆಯಲ್ಲಿ ಅರ್ಧಕ್ಕೇ ಹಿಂದಿರುಗಿದರೂ ಕುಂದಾದ್ರಿ ಬೆಟ್ಟದ ಜೈನ ಬಸದಿಯ ಹತ್ತಿರದವರೆಗೆ ವಾಹನದಲ್ಲೇ ಹೋಗಿ ಕೆಳಗಿನ ಕಾಡನ್ನು ನೋಡಬಹುದು. ಊಟಕ್ಕೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡರೆ ಪ್ಲಾಸ್ಟಿಕ್ ಪೊಟ್ಟಣಗಳ ರಗಳೆಯೇ ಇಲ್ಲ. ಮಂಗಗಳಿಗೆ ಮಾತ್ರ ಒಂದು ಚೂರನ್ನೂ ಹಾಕಬೇಡಿ.

ಜನವರಿಯ ಬಿಡುವನ್ನು ವ್ಯರ್ಥಮಾಡಲು ಮನಸ್ಸಿಲ್ಲದಿದ್ದರೆ ಕಲಬುರಗಿ ಜಿಲ್ಲೆಯ ಚಿಂಚೋಳಿ ವನ್ಯಜೀವಿ ಧಾಮಕ್ಕೆ ಹೋಗಿಬನ್ನಿ. ಅದು ಮಳೆಕಾಡಲ್ಲ, ಎಲೆ ಉದುರಿಸುವ ಒಣ ಕಾಡು. ಎಲೆ ಉದುರಿಸುವ ಆ ಕಾಡನ್ನು ಮಗ ಒಮ್ಮೆ ನೋಡಿಕೊಂಡಿದ್ದರೆ, ದಸರೆಗೆ ಆಗುಂಬೆಯಲ್ಲಿ ಮಾರ್ಗದರ್ಶಕರಿಗೆ ಕೇಳಲು ಅವನ ಬಳಿ ಪ್ರಶ್ನೆಗಳಿರುತ್ತವೆ.